ಅಟ್ಟದಿಂದ ಇಳಿದು ಬಂದ ವೈ-ಫೈ

ಫೋನು ಹಿಡಿದುಕೊಂಡು ಗುಡ್ಡ ಹತ್ತದವರು ನಮ್ಮ ಹಿನ್ನೀರಿನ ಕಡೆ ಯಾರಿದ್ದಾರೆ ಹೇಳಿ? ಹೆರಿಗೆ ನೋವು ಬಂದರೂ ಗುಡ್ಡ, ಮದುವೆ ಗೊತ್ತಾದರೂ ಗುಡ್ಡ. ಬ್ಯಾಕೋಡಿನ ಹತ್ತಿರದ ನಮ್ಮ ಕೇರಿಯಲ್ಲಿ ಒಂದು ಹಲಸಿನ ಮರಕ್ಕೆ ಟವರ್ ಮರ ಅಂತಲೇ ಹೆಸರು. ಅದರ ಕವಲಿಗೆ ಫೋನು ಸಿಕ್ಕಿಸಿ, ಕೆಳಗೆ ನಿಂತು ಕೂಗಿ ಮಾತಾಡುತ್ತಿದ್ದೆವು. ಹಾಗಾಗಿ ಯಾರ ಮನೆಯ ಗುಟ್ಟೂ ಗುಟ್ಟಾಗಿ ಉಳಿಯುತ್ತಿರಲಿಲ್ಲ.

ಇದನ್ನು ಮೊದಲೇ ಯಾಕೆ ಹೇಳುತ್ತಿದ್ದೇನೆಂದರೆ, ಮಾಸ್ತಪ್ಪ ಮಾಡಿದ್ದನ್ನು ಕೇಳಿ ನೀವು ನಗಬಾರದು. ಅವನ ಜಾಗದಲ್ಲಿ ನೀವಿದ್ದರೂ ಅದನ್ನೇ ಮಾಡುತ್ತಿದ್ದಿರಿ.

ಮಾಸ್ತಪ್ಪನ ಹೆಂಡತಿ ಮೀನಾಕ್ಷಮ್ಮ ನಮ್ಮ ಸ್ವಸಹಾಯ ಸಂಘದವಳು. ಕೇರಿಗೆ ಇಂಟರ್ನೆಟ್ಟಿನ ಕೇಬಲ್ ಬಂದಾಗ, ನಮ್ಮ ಮನೆಗೂ ಬೇಕೇ ಬೇಕು ಎಂದು ಹಟ ಹಿಡಿದವಳು ಅವಳೇ. ಸಿನಿಮಾ ನೋಡಲಿಕ್ಕಲ್ಲ, ಜಲಜಮ್ಮನ ಸಲುವಾಗಿ.

ಜಲಜಮ್ಮ ಮಾಸ್ತಪ್ಪನ ತಂಗಿ, ಮೀನಾಕ್ಷಮ್ಮನ ನಾದಿನಿ. ತೀರ್ಥಹಳ್ಳಿಯ ಆಚೆ, ಕುಪ್ಪಳ್ಳಿ ಹತ್ತಿರದ ಹಳ್ಳಿಗೆ ಕೊಟ್ಟಿದ್ದಾರೆ. ಭೂಮಿ ಹುಣ್ಣಿಮೆ ಹತ್ತಿರ ಬಂತೆಂದರೆ ಅವಳು ತವರಿಗೆ ಬರಲೇಬೇಕು. ಸಾಗರದವರೆಗೆ ಬಸ್ಸು, ಹೊಳೆಬಾಗಿಲಿನಲ್ಲಿ ಹಿನ್ನೀರು ದಾಟಿಸುವ ಲಾಂಚಿಗೆ ಕಾಯುವುದು, ಮತ್ತೆ ಬಸ್ಸು. ಹುಣ್ಣಿಮೆಯ ದಿನ ಮಾತ್ರ ಅವರವರ ಗದ್ದೆಯ ಪೂಜೆಗೆ ಅವರವರು ಇರಬೇಕು. ಅದಕ್ಕೆ ಮೊದಲೇ ಬಂದು, ಅತ್ತಿಗೆಯ ಜೊತೆ ಕೂತು ಭೂಮಣ್ಣಿ ಬುಟ್ಟಿ ಬರೆದು, ಹಬ್ಬದ ಹೊತ್ತಿಗೆ ತನ್ನ ಮನೆ ಸೇರಿಕೊಳ್ಳುತ್ತಿದ್ದಳು.

ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಸಣ್ಣ ಗೆರೆ ಎಳೆಯುತ್ತಾರೆ. ಬಸುರಿ ಭೂಮಿತಾಯಿಗೆ ಬಯಕೆಯ ಊಟ ಹೊತ್ತುಕೊಂಡು ಹೋಗುವ ಬುಟ್ಟಿ ಅದು. ಬರೆಯುವಾಗ ಹಾಡು ಬೇಕು. ಒಬ್ಬಳು ಸೊಲ್ಲು ಎತ್ತಿಕೊಟ್ಟರೆ ಇನ್ನೊಬ್ಬಳು ಅದನ್ನು ಹಿಡಿದು ಮುಂದುವರಿಸುತ್ತಾಳೆ. ಮೀನಾಕ್ಷಮ್ಮ ಸೊಸೆಯಾಗಿ ಬಂದಾಗ ಅವಳಿಗೆ ಈ ಮನೆಯ ಹಾಡು ಬರುತ್ತಿರಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದವಳು ಜಲಜಮ್ಮ. ಅಂದಿನಿಂದ ಅವರಿಬ್ಬರೂ ಅಕ್ಕತಂಗಿಯರಿಗಿಂತ ಹೆಚ್ಚು.

ಹಿನ್ನೀರಿಗೆ ಸೇತುವೆ ಆಯಿತು. "ಇನ್ನು ಲಾಂಚಿನ ಕಾಟ ಇಲ್ಲ ಅತ್ತಿಗೆ, ಬೇಕಂದಾಗ ಬತ್ತೀನಿ" ಎಂದು ಜಲಜಮ್ಮ ಕುಣಿದಾಡಿದ್ದಳು. ಸೇತುವೆಯಾಗಿ ಸ್ವಲ್ಪ ಸಮಯಕ್ಕೆ ಅವಳಿಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಕೆಲಸ ನಿಲ್ಲಿಸಿದವು. ಇಷ್ಟು ದೂರದ ಪ್ರಯಾಣ ಈಗ ಬೇಡವೇ ಬೇಡ ಎಂದರು ಡಾಕ್ಟರು. ದಾರಿ ಸಲೀಸಾದ ಮೇಲೆ ಬರುವವಳೇ ಬರದಂತಾದಳಲ್ಲ ಎಂದು ಮೀನಾಕ್ಷಮ್ಮ ಸಂಘದ ಸಭೆಯಲ್ಲೇ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದ್ದೇನೆ.

ಒಂದು ದಿನ ಟವರ್ ಮರದ ಕೆಳಗೆ ಜಲಜಮ್ಮನ ಮಾತು ಕೇಳಿಸಿತು. "ಅತ್ತಿಗೆ, ಈ ಸಲ ಬುಟ್ಟಿ ಬರೆಯೋವಾಗ ವಿಡಿಯೋದಲ್ಲಿ ತೋರಿಸ್ತೀಯಾ? ನಾ ಇಲ್ಲಿಂದ್ಲೇ ಸೊಲ್ಲು ಕೊಡ್ತೀನಿ. ನಂಗೆ ಇನ್ನೆಂತದೂ ಬ್ಯಾಡ."

ಅದಕ್ಕೇ ವೈ-ಫೈ.

ಕೇಬಲ್ ಎಳೆಯುವವರು ಬಂದು, ವೈ-ಫೈ ಡಬ್ಬಿ ಎಲ್ಲಿ ಕೂರಿಸಬೇಕು ಎಂದು ಕೇಳಿದರು. ಮಾಸ್ತಪ್ಪ ಯೋಚನೆಯನ್ನೇ ಮಾಡಲಿಲ್ಲ. "ಅಟ್ಟದ ಮೇಲೆ! ಎತ್ತರ ಇದ್ದಷ್ಟೂ ಸಿಗ್ನಲ್ ಜಾಸ್ತಿ. ನಮ್ಗೇನು ಗೊತ್ತಿಲ್ವಾ?" ಎಂದ. ಅಟ್ಟದ ಮೇಲೆ ಹೆಂಚಿನ ಸಂದಿಗೆ ಮುಖ ಮಾಡಿ ಡಬ್ಬಿ ಕೂತಿತು. ಅದರ ಮುಂದೆ ತಾಮ್ರದ ಹಂಡೆ, ಪಕ್ಕದಲ್ಲಿ ತಗಡಿನ ಟ್ರಂಕು. ಧೂಳು ಬೀಳಬಾರದೆಂದು ಮೀನಾಕ್ಷಮ್ಮ ಮೇಲೊಂದು ಹಳೇ ಟವೆಲ್ಲು ಬೇರೆ ಹೊದಿಸಿದಳು.

ನಡುಮನೆಯಲ್ಲಿ ಕೂತು ಮೊದಲ ಸಲ ವಿಡಿಯೋ ಕರೆ ಮಾಡಿದರು. ಜಲಜಮ್ಮನ ಮುಖ ಬಂತು. ಬಂದದ್ದು ಹಾಗೇ ನಿಂತುಬಿಟ್ಟಿತು, ಬಾಯಿ ಅರ್ಧ ತೆರೆದುಕೊಂಡು. ಆಮೇಲೆ "ಅತ್ತಿ" ಎಂದು ಕೇಳಿಸಿತು, ಉಳಿದದ್ದು ಕೇಳಿಸಲಿಲ್ಲ. ಅಟ್ಟ ಹತ್ತಿದರೆ ಚೆನ್ನಾಗಿಯೇ ಬರುತ್ತಿತ್ತು. ಆದರೆ ಅಟ್ಟದ ಮೇಲೆ ಸೊಂಟ ಬಗ್ಗಿಸಿಕೊಂಡು ಬುಟ್ಟಿ ಬರೆಯಲಿಕ್ಕಾಗುತ್ತದೆಯೇ?

"ಗುಡ್ಡ ಹತ್ತೋದು ತಪ್ಪಿತು ಅಂದ್ಕಂಡ್ರೆ ಏಣಿ ಹತ್ತೋದು ಬಂತು" ಎಂದಳು ಮೀನಾಕ್ಷಮ್ಮ. ಹುಣ್ಣಿಮೆ ಹತ್ತಿರ ಬರುತ್ತಿತ್ತು.

ಮಾಸ್ತಪ್ಪನಿಗೆ ಸಿಟ್ಟು ಬಂತು. "ಡಬ್ಬಿನೇ ದಂಡ ಇದು. ಸಾಗರದಲ್ಲಿ ಒಂದು ನೋಡೀನಿ, ಆಂಟೆನಾ ಎದ್ದು ನಿಂತಿರೋ ಎಂಟು ಕೋಡಿಂದು. ನಾಳೆನೇ ಹೋಗಿ ತತ್ತೀನಿ."

ಆ ಹೊತ್ತಿಗೆ ಸರಿಯಾಗಿ ಪಕ್ಕದ ಮನೆಯ ಭವ್ಯಾ ಬಂದಳು. ಪಂಚಾಯ್ತಿಯ ಗ್ರಂಥಾಲಯ ನೋಡಿಕೊಳ್ಳುವ ಹುಡುಗಿ. ಅಲ್ಲಿನ ಕಂಪ್ಯೂಟರುಗಳ ವೈ-ಫೈ ಸರಿಮಾಡಲು ತಲೆ ಕೆಡಿಸಿಕೊಂಡು ಕಲಿತವಳು.

"ಎಂಟು ಕೋಡು ಎಂತಕೆ ಮಾವ, ಕೋಣ ಕಟ್ತೀರಾ? ಮೊದ್ಲು ಇದನ್ನ ಹೇಳಿ. ನೀವು ಎಲ್ಲಿ ಕೂತು ಜಲಜಕ್ಕನ ಹತ್ರ ಮಾತಾಡಬೇಕು?"

"ಇಲ್ಲೇ, ನಡುಮನೇಲಿ. ಬುಟ್ಟಿ ಬರೆಯೋದು ಇಲ್ಲೇ ಅಲ್ವನೆ" ಎಂದಳು ಮೀನಾಕ್ಷಮ್ಮ.

"ಹಂಗಾದ್ರೆ ಡಬ್ಬಿನೂ ಇಲ್ಲೇ ಇರ್ಬೇಕು."

"ಎತ್ತರ ಬ್ಯಾಡ್ವಾ?" ಮಾಸ್ತಪ್ಪ ಬಿಡಲಿಲ್ಲ. "ಇಷ್ಟು ವರ್ಷ ಗುಡ್ಡ ಹತ್ತಿದ್ದು ಮತ್ತೆ ಸುಳ್ಳಾ?"

"ಸುಳ್ಳಲ್ಲ ಮಾವ. ಅದು ಟವರಿನ ಸಿಗ್ನಲ್ಲು, ಹೊರಗಿಂದ ಬರ್ತದೆ. ಗುಡ್ಡ ಅಡ್ಡ ಬಂದ್ರೆ ನಾವು ಹತ್ತಬೇಕು. ಇದು ಹಂಗಲ್ಲ. ಇಂಟರ್ನೆಟ್ಟು ವೈರಿನೊಳಗೆ ಮನೆಗೆ ಬಂದಾಗಿದೆ. ಈ ಡಬ್ಬಿಗೆ ರೂಟರ್ ಅಂತಾರೆ, ಬಂದಿದ್ದನ್ನ ಸುತ್ತ ಹಂಚೋದು ಇದರ ಕೆಲಸ. ದೀಪ ಇದ್ದಂಗೆ. ಅಟ್ಟದಲ್ಲಿ ಹಂಡೆ ಹಿಂದೆ ದೀಪ ಹಚ್ಚಿಟ್ಟು, ಮೇಲೆ ಟವೆಲ್ ಹೊದಿಸಿ, ನಡುಮನೆ ಕತ್ತಲೆ ಅಂದ್ರೆ ದೀಪದ್ದು ತಪ್ಪಾ?"

ಮೀನಾಕ್ಷಮ್ಮ ಎದ್ದು ಸೀದಾ ಏಣಿ ಹತ್ತಿ ಟವೆಲ್ಲು ತೆಗೆದುಕೊಂಡು ಬಂದಳು.

"ತಾಮ್ರ, ತಗಡು, ಕಬ್ಬಿಣದ ಬೀರು, ಇವೆಲ್ಲ ಸಿಗ್ನಲ್ ತಡೀತವೆ" ಎಂದಳು ಭವ್ಯಾ. "ಮಣ್ಣಿನ ದಪ್ಪ ಗೋಡೆನೂ ನುಂಗ್ತದೆ. ಫ್ರಿಜ್ಜಿನ ಪಕ್ಕ, ನೀರಿನ ಟ್ಯಾಂಕಿನ ಪಕ್ಕ ಇಡಬಾರ್ದು. ಬಟ್ಟೆ ಹೊದಿಸಿದ್ರೆ ಬಿಸಿ ಆಗಿ ಹಾಳಾಗ್ತದೆ."

"ಆ ಗೋಡೆಯ ಗೂಡಲ್ಲಿ ಇಡಣ, ಚಂದ ಕಾಣ್ತದೆ" ಎಂದ ಮಾಸ್ತಪ್ಪ.

"ಗೂಡು ಬ್ಯಾಡ ಮಾವ, ಸುತ್ತ ಮಣ್ಣೇ. ಗೋಡೆಗೆ ಒಂದು ಹಲಗೆ ಹೊಡೆದು, ಎದೆ ಮಟ್ಟಕ್ಕಿಂತ ಮೇಲೆ, ಬಯಲಿಗೆ ಇಡಣ. ಆದ್ರೆ ವೈರು ನೀವೇ ಎಳೀಬೇಡಿ. ಒಳಗೆ ಗಾಜಿನ ಎಳೆ ಇರ್ತದೆ, ಮಡಚಿದ್ರೆ ಮುರೀತದೆ. ಕಂಪನಿಯವ್ರನ್ನೇ ಕರೀರಿ."

ಕಂಪನಿಯವರು ಬಂದು ಡಬ್ಬಿಯನ್ನು ನಡುಮನೆಗೆ ಇಳಿಸಿದರು. ಫೋನಿನಲ್ಲಿ ಸಿಗ್ನಲ್ ಗೆರೆಗಳೆಲ್ಲ ತುಂಬಿದವು. ಜಲಜಮ್ಮ ಮುಖ ಆಡಿಸಿ ಮಾತಾಡಿದಳು. ಮೀನಾಕ್ಷಮ್ಮ ಸಂತೋಷದಲ್ಲಿ ಒಂದು ಸೊಲ್ಲು ಎತ್ತಿದಳು. ಆಚೆಯಿಂದ ಉತ್ತರ ಬರುವಷ್ಟರಲ್ಲಿ ಮತ್ತೆ ಎಲ್ಲ ನಿಂತುಹೋಯಿತು. ಜಗಲಿಯಲ್ಲಿ ಮಾಸ್ತಪ್ಪ ಟೀವಿಯಲ್ಲಿ ಯೂಟ್ಯೂಬ್ ಹಾಕಿದ್ದ.

"ನೋಡು, ನೋಡು!" ಎಂದು ಓಡಿಬಂದ ಅವನು. "ಜಾಗ ಬದಲಿಸಿದ್ರೂ ಅಷ್ಟೇ. ಎಂಟು ಕೋಡೇ ಬೇಕಿತ್ತು!"

ಭವ್ಯಾ ತನ್ನ ಲ್ಯಾಪ್‌ಟಾಪನ್ನು ಒಂದು ವೈರಿನಿಂದ ನೇರವಾಗಿ ಡಬ್ಬಿಗೆ ಸಿಕ್ಕಿಸಿ ವೇಗ ನೋಡಿದಳು. ಆಮೇಲೆ ವೈರು ಕಿತ್ತು, ಅದೇ ಜಾಗದಲ್ಲಿ ವೈ-ಫೈಯಿಂದ ನೋಡಿದಳು. ವೈರಿನಲ್ಲಿ ಕಂಪನಿಯವರು ಹೇಳಿದಷ್ಟು ವೇಗ ಪೂರ್ತಿ ಇತ್ತು. ವೈ-ಫೈಯಲ್ಲಿ ಅದರ ಕಾಲುಭಾಗವೂ ಇರಲಿಲ್ಲ.

"ಈಗ ಗೊತ್ತಾತು. ಕಂಪನಿ ಲೈನು ಸರಿ ಇದೆ, ಜಾಗನೂ ಸರಿ ಆತು. ಆದ್ರೆ ಅವ್ರು ಕೊಟ್ಟಿರೋ ಈ ಡಬ್ಬಿ ಹಳೇ ಕಾಲದ್ದು. ಇದಕ್ಕೆ ಇರೋದು ಒಂದೇ ದಾರಿ, 2.4 ಅಂತಾರೆ. ಅದು ಗೋಡೆ ದಾಟಿ ದೂರ ಹೋಗ್ತದೆ, ಆದ್ರೆ ನಿಧಾನ. 5 ಅಂತ ಇನ್ನೊಂದು ದಾರಿ ಇದೆ. ಅದು ಬಲೇ ಚುರುಕು, ಆದ್ರೆ ಗೋಡೆ ಅಡ್ಡ ಬಂದ್ರೆ ಸೋತು ಹೋಗ್ತದೆ. ಎರಡೂ ಇರೋದಕ್ಕೆ ಡ್ಯುಯಲ್ ಬ್ಯಾಂಡ್ ಅಂತಾರೆ. ಅದನ್ನ ತರ್ಬೇಕು. ನಡುಮನೆ ಫೋನು 5ರಲ್ಲಿ ಇರ್ಲಿ, ದೂರದ ಕೊಟ್ಟಿಗೆ ಕಡೆಗೆ 2.4 ಸಾಕು."

"ಮತ್ತೆ ಕೋಡು?" ಮಾಸ್ತಪ್ಪನ ದನಿ ಸಣ್ಣಗಾಗಿತ್ತು.

"ಕೋಡು ಎಣಿಸಿ ತಗೊಂಡ್ರೆ ಮೋಸ ಹೋಗ್ತೀರಿ ಮಾವ. ಡ್ಯುಯಲ್ ಬ್ಯಾಂಡಾ ಕೇಳಿ. ವೈ-ಫೈ 6 ಇದೆಯಾ ಕೇಳಿ, ಟೀವಿ, ಫೋನು ಎಲ್ಲ ಒಟ್ಟಿಗೆ ನಡೆಯೋಕೆ ಅದು ಒಳ್ಳೇದು. ನಮ್ಮ ಲೈನಿಗೆ ಹೊಂದ್ತದಾ ಅಂತ ಕಂಪನಿಗೆ ಮೊದ್ಲೇ ಫೋನ್ ಮಾಡಿ. ಮುಂದೆ ಹಿಂದಿನ ಕೋಣೆಗೂ ಬೇಕಾದ್ರೆ ಇನ್ನೊಂದು ಡಬ್ಬಿ ಜೋಡಿಸೋ ಹಂಗೆ ಇರ್ಲಿ, ಅದಕ್ಕೆ ಮೆಶ್ ಅಂತಾರೆ. ವಾರಂಟಿ, ಬಿಲ್ಲು ಮರೀಬೇಡಿ."

ಆಗ ಮೀನಾಕ್ಷಮ್ಮ ಕೇಳಿದಳು, "ಕರೆಂಟ್ ಹೋದ್ರೆ ಎಂತ ಮಾಡೋದೆ?"

ಭವ್ಯಾ ಹಣೆ ಚಚ್ಚಿಕೊಂಡಳು. "ಅಯ್ಯೋ, ನಮ್ಮೂರಲ್ಲಿ ಮೊದ್ಲು ಕೇಳಬೇಕಾಗಿದ್ದೇ ಅದು! ರೂಟರಿಗೇ ಅಂತ ಬ್ಯಾಟರಿ ಇರೋ ಸಣ್ಣ ಯುಪಿಎಸ್ ಸಿಗ್ತದೆ ಅತ್ತೆ. ಅದನ್ನೂ ತರ್ಸಿ. ವೈರು ತಂದು ಹಾಕಿರೋ ಕಂಪನಿ ಡಬ್ಬಿಗೂ, ಹೊಸ ರೂಟರಿಗೂ, ಎರಡಕ್ಕೂ ಕರೆಂಟ್ ಕೊಡೋ ಹಂಗಿದ್ದು."

ಮಾಸ್ತಪ್ಪ ಕಂಪನಿಗೆ ಫೋನ್ ಮಾಡಿ ಕೇಳಿಕೊಂಡು, ಬಸ್ಸು ಹತ್ತಿದ. ಅವನು ದಾರಿಯುದ್ದಕ್ಕೂ ಡ್ಯುಯಲ್ ಬ್ಯಾಂಡು, ಮೆಶ್ಶು ಎಂದು ಮಂತ್ರ ಹೇಳುವವನಂತೆ ಗೊಣಗುತ್ತಿದ್ದನೆಂದು ಕಂಡಕ್ಟರು ಆಮೇಲೆ ನಮಗೆ ಹೇಳಿ ನಕ್ಕ. ಸಾಗರದ ಅಂಗಡಿಯವನು ಎಂಟು ಕೋಡಿನದನ್ನೇ ಮುಂದೆ ಇಟ್ಟನಂತೆ. "ಇದು ನಮ್ಮನೇಲಿ ಕಟ್ಟಾಕೆ ಜಾಗ ಇಲ್ಲ. ವೈ-ಫೈ 6 ಇರೋದು ತೆಗಿ" ಎಂದನಂತೆ ನಮ್ಮ ಮಾಸ್ತಪ್ಪ. ಗತ್ತು ನೋಡಿ!

ಹೊಸ ರೂಟರೂ ಸಣ್ಣ ಯುಪಿಎಸ್ಸೂ ಬಂದವು. ರೂಟರಿನ ಜೊತೆ ಬಂದ ಪಾಸ್‌ವರ್ಡನ್ನು ಭವ್ಯಾ ಮೊದಲು ಬದಲಾಯಿಸಿದಳು. ಮಧ್ಯಾಹ್ನ ಊಟ ಮುಗಿಸಿ ಮೀನಾಕ್ಷಮ್ಮ ಕೆಮ್ಮಣ್ಣು ಒಣಗಿದ ಬುಟ್ಟಿಯನ್ನು ಮುಂದಿಟ್ಟುಕೊಂಡು ಕರೆ ಮಾಡಿದಳು. ತೀರ್ಥಹಳ್ಳಿಯ ಆಚೆ ಜಲಜಮ್ಮನನ್ನು ಅವಳ ಸೊಸೆ ಮೇಘನಾ ದಿಂಬಿಗೆ ಒರಗಿಸಿ ಕೂರಿಸಿದ್ದಳು. ಮುಖ ಸ್ವಚ್ಛವಾಗಿ ಕಂಡಿತು. ಮೂಗುತಿಯ ಹೊಳಪು ಕೂಡ ಕಂಡಿತು.

ಜಲಜಮ್ಮ ಮೊದಲು ತವರನ್ನು ಕಣ್ಣು ತುಂಬಾ ನೋಡಿದಳು. ಕಿಟಕಿ, ಕಂಬ, ಅಡಿಗೆಮನೆಯ ಬಾಗಿಲು, ಎಲ್ಲವನ್ನೂ ಮಾಸ್ತಪ್ಪ ಫೋನು ತಿರುಗಿಸಿ ತೋರಿಸಿದ. ಎಲ್ಲೂ ನಿಲ್ಲಲಿಲ್ಲ, ತುಂಡಾಗಲಿಲ್ಲ.

"ಅಣ್ಣ, ನನ್ನ ಮಣೆ ಎಲ್ಲಿ?"

ತಂಗಿ ಇನ್ನು ಬರುವುದಿಲ್ಲವೆಂದು ತಿಳಿದ ಮೇಲೆ, ಅವಳು ಕೂರುತ್ತಿದ್ದ ಹಲಸಿನ ಮಣೆಯನ್ನು ನೋಡಲಾಗದೆ ಅಟ್ಟಕ್ಕೆ ಹಾಕಿದವನು ಮಾಸ್ತಪ್ಪನೇ. ಏಣಿ ಹತ್ತಿ ತಂದ. ಪಂಚೆಯ ಅಂಚಿನಲ್ಲಿ ಧೂಳು ಒರೆಸಿ ಮೀನಾಕ್ಷಮ್ಮನ ಪಕ್ಕಕ್ಕೆ ಇಟ್ಟು, ಅದರ ಮೇಲೆ ಚೊಂಬಿಗೆ ಒರಗಿಸಿ ಫೋನು ನಿಲ್ಲಿಸಿದ.

"ಹಾಂ, ಈಗ ಸರಿಯಾತು" ಎಂದಳು ಜಲಜಮ್ಮ. ಸೊಲ್ಲು ಎತ್ತಿದಳು.

ಮೀನಾಕ್ಷಮ್ಮ ಹಿಡಿದುಕೊಂಡಳು. ದನಿ ದಾಟಿ ಬರಲು ಒಂದು ಕ್ಷಣ ಹಿಡಿಯುತ್ತಿತ್ತು. ಇಬ್ಬರೂ ಒಟ್ಟಿಗೆ ಹಾಡುವ ಹಾಡಾಗಿದ್ದರೆ ಕೆಡುತ್ತಿತ್ತು. ಇದು ಕಾದು ಹಿಡಿಯುವ ಹಾಡು, ಅದಕ್ಕೆ ಆ ಕ್ಷಣವೂ ಹೊಂದಿಕೊಂಡಿತು. ನಡುವೆ ಗುಡುಗು ಬಂದು ಕರೆಂಟ್ ಹೋಯಿತು. ಫ್ಯಾನು ನಿಂತಿತು, ಟೀವಿ ಆರಿತು. ನೋಡಲೆಂದು ಬಂದಿದ್ದ ಸಂಘದ ನಾವೆಲ್ಲ ಮಣೆಯ ಕಡೆ ತಿರುಗಿದೆವು. ಜಲಜಮ್ಮ ಹಾಡುತ್ತಲೇ ಇದ್ದಳು.

ಬುಟ್ಟಿಯ ಅಂಚಿನ ಗೆರೆ ಪ್ರತಿವರ್ಷ ಜಲಜಮ್ಮನದು. ಆ ಸುತ್ತನ್ನು ಮೀನಾಕ್ಷಮ್ಮ ಖಾಲಿ ಬಿಟ್ಟಿದ್ದಳು. ಜಲಜಮ್ಮ ಅಲ್ಲಿಂದಲೇ ಬಲಗೈ ಬೆರಳು ಎತ್ತಿ ಗಾಳಿಯಲ್ಲಿ ಗೆರೆ ಎಳೆದಳು. ಆ ಬೆರಳು ಹೋದ ಹಾಗೆ ಮೀನಾಕ್ಷಮ್ಮ ಬುಟ್ಟಿಯ ಮೇಲೆ ನಾರಿನ ಕುಂಚ ಎಳೆದಳು.

"ಅಲ್ಲೊಂಚೂರು ಡೊಂಕಾತಲ್ಲೆ" ಎಂದ ಮಾಸ್ತಪ್ಪ.

"ಡೊಂಕೇ ಇರ್ಲಿ. ಅವಳ ಕೈ ಅದು" ಎಂದಳು ಮೀನಾಕ್ಷಮ್ಮ. ಅತ್ತಿಗೆ ನಾದಿನಿ ಇಬ್ಬರೂ ಅಳುತ್ತಿದ್ದರು, ಇಬ್ಬರೂ ನಗುತ್ತಿದ್ದರು.

ಕರೆ ಮುಗಿಸುವ ಮೊದಲು ಜಲಜಮ್ಮ ಅಣ್ಣನನ್ನು ಕರೆದಳು. "ಮಣೆ ಮತ್ತೆ ಅಟ್ಟಕ್ಕೆ ಹಾಕ್ಬೇಡ. ನಾ ನಡೆಯೋ ಹಂಗಾದ್ರೆ ಬತ್ತೀನಿ. ಬರದಿದ್ರೂ ಬತ್ತೀನಿ, ಹಿಂಗೇ."

ಮಾಸ್ತಪ್ಪ ತಲೆ ಆಡಿಸಿದ. ಆ ಮಣೆ ಈಗ ನಡುಮನೆಯಲ್ಲೇ ಇದೆ.

ಅಕ್ಕಂದಿರೆ, ಅಣ್ಣಂದಿರೆ, ನಿಮ್ಮ ಮನೆಯಲ್ಲೂ ಯಾರದೋ ಮಣೆ ಖಾಲಿ ಇರಬಹುದು. ವೈ-ಫೈ ಸರಿಯಿಲ್ಲ ಎಂದು ಅಂಗಡಿಗೆ ಓಡುವ ಮೊದಲು ಡಬ್ಬಿಯನ್ನು ಮೂಲೆಯಿಂದ, ಅಟ್ಟದಿಂದ, ಬೀರುವಿನ ಹಿಂದಿನಿಂದ ಹೊರಗೆ ತನ್ನಿ. ಲೈನಿನ ವೇಗವನ್ನು ವೈರಿನಲ್ಲಿ ಒಮ್ಮೆ ನೋಡಿಸಿ. ಆಮೇಲೂ ಹೊಸ ರೂಟರ್ ಬೇಕಾದರೆ ಕೋಡು ಎಣಿಸಬೇಡಿ, ಕೇಳಬೇಕಾದ್ದನ್ನು ಕೇಳಿ, ಕರೆಂಟ್ ಹೋಗುವ ಊರೆಂಬುದನ್ನೂ ನೆನಪಿಡಿ. ಎಲ್ಲಕ್ಕಿಂತ ಮೊದಲು ಆ ಖಾಲಿ ಮಣೆ ಮನೆಯ ಯಾವ ಕಡೆ ಇದೆ ಎಂದು ನೋಡಿಕೊಳ್ಳಿ. ರೂಟರ್ ಇರಬೇಕಾದದ್ದು ಅದರ ಹತ್ತಿರ.