ತಲೆಯ ಹಿಂದಿನ ತಗಡು

ತಣ್ಣಗಿನದೇನೋ ಕುತ್ತಿಗೆಗೆ ತಾಗುತ್ತಿದೆ, ಸ್ಪೀಕರಿನ ಅಂಚು, ನೂರಸಾಬ ಅದನ್ನು ನನ್ನ ತಲೆಯ ಹಿಂದಿನ ತಗಡಿಗೆ ಒತ್ತಿ ಹಿಡಿದಿದ್ದಾನೆ, ಇಲ್ಲೇ ಇಡೂಣೇನ್ರಿ ಗಾದಿಲಿಂಗಪ್ಪಣ್ಣಾ, ಮೊದಲಿದ್ದ ಜಾಗಾನ ಛಲೋ ಇತ್ತು, ಅನ್ನುತ್ತಿದ್ದಾನೆ — ಹಳೆಯ ತೂತುಗಳು ಇನ್ನೂ ಹಾಗೇ ಇವೆಯಂತೆ, ಹೊಸದಾಗಿ ಕೊರೆಯುವ ಕೆಲಸವಿಲ್ಲವಂತೆ, ನಾನು ಸ್ಟೇರಿಂಗ್ ಹಿಡಿದು ಕೂತಿದ್ದೇನೆ, ನಿಂತ ಲಾರಿಯ ಸ್ಟೇರಿಂಗ್ ಹಿಡಿಯುವುದೇಕೆ, ಬಿಟ್ಟರೆ ಕೈಗಳನ್ನು ಎಲ್ಲಿಡಬೇಕೋ ತಿಳಿಯದು. ಹೊಸ ಬಣ್ಣದ ವಾಸನೆ. ಕುಬೇರಪ್ಪ ಸಾಹುಕಾರರು ಈ ಲಾರಿಯನ್ನು ಮಾರುವುದಿಲ್ಲ, ಅವರ ತಂದೆ ಕೊಂಡದ್ದು, ಮೂಗು ಮುಂದೆ ಚಾಚಿದ ಇಂಥ ಲಾರಿ ಕಾರಟಗಿಯ ಮಿಲ್ಲುಗಳಲ್ಲಿ ಈಗ ಇದೊಂದೇ, ಅದಕ್ಕೇ ಪೂರ್ತಿ ಬಣ್ಣ ಬಳಿಸಿದ್ದಾರೆ, ಹಿಂದಿನ ಹಲಗೆಗಂತೂ ಸಾವಂತಿಗೆ ಹೂವಿನ ಹಳದಿ. ಹಾಡಿಲ್ಲದ ಲಾರಿ ಸೂತಕದ ಮನಿ ಇದ್ದಂಗ ಐತಿ, ವರ್ಷಾತು, ಗಂಗಾವತಿಗೆ ಹೋಗಿ ಟೇಪು ಸ್ಪೀಕರು ಹಾಕಿಸಿಕೊಂಡು ಬಾ ಎಂದರು. ಆಗಲಿ ರೀ ಎಂದೆ. ಒಂದು ವರ್ಷದಿಂದ ಎಲ್ಲದಕ್ಕೂ ಆಗಲಿ ರೀ ಅನ್ನುತ್ತಿದ್ದೇನೆ, ಊಟ ಮಾಡು ಅಂದರೂ ಆಗಲಿ ರೀ.

ಬಾಗಿಲಿಗೆ ಹಾಕು ಅನ್ನಲೇ, ಎಡಬಾಗಿಲು ನನ್ನ ಕ್ಲೀನರ್ ಪಕ್ಕೀರಪ್ಪನದು, ಮಿಲ್ಲಿನಲ್ಲಿ ಚೀಲ ಏರಿಸಿ ಇಳಿಸಿ ಸುಸ್ತಾದವನು ಅದಕ್ಕೆ ಮೊಣಕೈ ಊರಿ ಆನೆಗೊಂದಿಯ ಬಂಡೆಗಳನ್ನು ನೋಡುತ್ತ ಬರುತ್ತಿದ್ದ, ಬಾಳೆತೋಟ ಕಂಡರೆ, ನಿಲ್ಲಸೋ, ಒಂದು ಹಣ್ಣು ತಿಂದು ಹೋಗೂಣು — ಅಲ್ಲಿ ಬೇಡ. ಮೇಲೆ ಹಾಕಿದರೆ ಹುಲಿಗೆಮ್ಮನ ಫೋಟೋಕ್ಕೆ ಅಡ್ಡ, ಮುಂದೆ ಇಂಜಿನ್ನಿನ ಕಾವು, ಉಳಿದದ್ದು ಇದೊಂದೇ, ತಲೆಯ ಹಿಂದೆ, ಕಿವಿಯ ಬುಡಕ್ಕೆ. ಅವತ್ತೂ ಇಲ್ಲೇ ಇತ್ತು. ಲಾರಿ ಹಿಂದಕ್ಕೆ ಸರಿಸುವಾಗ ಪಕ್ಕೀರಪ್ಪ ಹಿಂದೆ ನಿಂತು ಹಲಗೆ ಬಡಿಯುವುದು ವಾಡಿಕೆ, ಎರಡು ಪೆಟ್ಟು ಬಿದ್ದರೆ ಬಾ, ಒಂದು ಬಿದ್ದರೆ ನಿಲ್ಲು, ಹದಿನಾಲ್ಕು ವರ್ಷ ಅವನ ಅಂಗೈ ನನಗೆ ಕಣ್ಣಾಗಿತ್ತು, ಕನ್ನಡಿಯನ್ನು ನಾನು ನೋಡುತ್ತಲೇ ಇರಲಿಲ್ಲ. ಅವತ್ತು ಹೊಸ ಕ್ಯಾಸೆಟ್ಟು. ಪಕ್ಕೀರಪ್ಪ ಇಳಿಯುವಾಗ, ಸ್ವಲ್ಪ ಸಣ್ಣ ಮಾಡೋ ಮಾರಾಯಾ, ಎಂದ, ಮಾಡ್ತೀನಿ ಎಂದೆ, ಮಾಡಲಿಲ್ಲ. ಎರಡು ಪೆಟ್ಟು ಕೇಳಿಸಿತು, ಹಿಂದಕ್ಕೆ ಬಿಟ್ಟೆ, ಆಮೇಲೆ ಹಾಡು, ಹಾಡು, ಮಿಲ್ಲಿನ ಗೋಡೆಗೆ ಮೆತ್ತಗೆ ಏನೋ ತಾಗಿದಂತಾಗಿ ಲಾರಿ ನಿಂತಿತು. ಇಳಿದು ನೋಡಿದೆ. ಜನ ಓಡಿ ಬಂದರು, ಮುಂದಕ್ಕೆ ತಗೋ ಅಂದರು, ತಗೊಂಡೆ, ಅವನನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದರು, ಅಂಗಳದಲ್ಲಿ ಉಳಿದವನು ನಾನೊಬ್ಬನೇ, ಹಲಗೆಯ ಮೇಲೆ ಬತ್ತದ ಧೂಳು ದಪ್ಪಗೆ ಕೂತಿತ್ತು, ಆ ಧೂಳಿನಲ್ಲಿ ಅಂಗೈ, ಐದೂ ಬೆರಳು ಮೂಡಿದ ಅಂಗೈ, ಅದರ ಪಕ್ಕ ಇನ್ನೊಂದು, ಅದರ ಮೇಲೆ ಮತ್ತೊಂದು, ಎಣಿಸಲಿಲ್ಲ, ಟವೆಲ್ಲು ಒದ್ದೆ ಮಾಡಿಕೊಂಡು ಬಂದು ಒರೆಸಿದೆ. ದಾರಿಯಲ್ಲೇ ಅವನ ಜೀವ ಹೋಯಿತೆಂಬ ಸುದ್ದಿಯೂ ಪೊಲೀಸರೂ ಬರುವ ಹೊತ್ತಿಗೆ ಹಲಗೆ ಒಣಗಿತ್ತು.

ಅವ ಬಡೀಲಿಲ್ರಿ, ಎಂದೆ. ಇಷ್ಟೇ ಎಂದದ್ದು. ಉಳಿದದ್ದನ್ನು ಊರೇ ಸೇರಿಸಿತು, ಕುಡಿದಿದ್ದನಂತೆ, ನಿಂತಲ್ಲೇ ತೂಕಡಿಸಿದನಂತೆ, ನಾನು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಅವನ ಹೆಂಡತಿ ಹನುಮಂತಮ್ಮ ಈಗಲೂ ಅದೇ ಮಿಲ್ಲಿನಲ್ಲಿ ಅಕ್ಕಿ ಹಸನು ಮಾಡುತ್ತಾಳೆ, ಜೊತೆಯ ಹೆಂಗಸರು ಕುಡುಕನ ಮಾತು ತೆಗೆದಾಗ ಮೊರ ಕೇರುವುದು ಒಂದು ಗಳಿಗೆ ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ. ಅವನ ದಿನಕರ್ಮ ಕಳೆದ ಮೇಲೆ ಒಮ್ಮೆ ನನ್ನ ಮನೆಗೇ ಬಂದಳು, ಹೊಸ್ತಿಲ ಹೊರಗೇ ನಿಂತಳು. ಅವತ್ತು ಮಂಗಳವಾರ ಅಣ್ಣಾ, ಹುಲಿಗೆಮ್ಮನ ವಾರ, ಮಂಗಳವಾರ ಅವ್ರು ಶೆರೆ ಮುಟ್ಟತಿದ್ದಿಲ್ಲ, ನಿನಗ ಗೊತ್ತೈತಿ. ಖರೇ ಹೇಳು, ಅವ್ರು ಹಲಗಿ ಬಡದಿದ್ರೋ ಇಲ್ಲೋ? ಇಲ್ಲವ್ವಾ ಎಂದೆ. ಅಳು ಬರುತ್ತದೆಂದು ಕಾದೆ, ಬರಲಿಲ್ಲ, ಆ ರಾತ್ರಿ ಎರಡು ರೊಟ್ಟಿ ತಿಂದೆ, ಸಾಕಾಗದೆ ಇನ್ನೊಂದು ಹಾಕಿಸಿಕೊಂಡೆ. ನನ್ನ ಮೇಲೆ ನನಗೆ ಅಸಹ್ಯವಾಗಬೇಕಿತ್ತು, ಅದೂ ಆಗಲಿಲ್ಲ.

ಎಲ್ಲಿದ್ದೀರಿ ಅಣ್ಣಾ, ನೂರಸಾಬ ವಯರು ಜೋಡಿಸಿಬಿಟ್ಟಿದ್ದಾನೆ, ಮೊದಲಿನ ಜಾಗದಲ್ಲೇ, ನಾನು ಬೇಡ ಅನ್ನಲಿಲ್ಲವಲ್ಲ. ಹಾಡು ಬಂತು, ತಲೆಬುರುಡೆಯ ಒಳಗೇ ಬಂತು, ಅವನು ಕೈಸನ್ನೆ ಮಾಡಿ ಇಳಿದು ಹೋದ, ಹಿಂದೆ ಹೋದನೋ ಚಹಾ ಕುಡಿಯಲು ಹೋದನೋ, ಬಾಗಿಲುಗಳು ಗಡಗಡ ನಡುಗುತ್ತಿವೆ, ಹುಲಿಗೆಮ್ಮನ ಗಾಜೂ ನಡುಗುತ್ತಿದೆ, ಅವನು ಬಂದು ಗುಂಡಿ ತಿರುವಿದ, ಸದ್ದಡಗಿತು, ಪೇಟೆಯ ಸಪ್ಪಳ ಮರಳಿತು. ಹಲಗಿ ಬಡದೆ, ಕೇಳಿಸ್ತೇನ್ರಿ? ಹಿಂದ ನಿಂತಾವರು ಬಡದ್ರ ನಿಮಗ ಕೇಳಬೇಕಲ್ಲ, ಅದಕ್ಕ ನೋಡಿದೆ.

ಕೇಳಲಿಲ್ಲ.

ಬಾಯಿ ತಾನಾಗಿಯೇ ಅಂದಿತು. ವರ್ಷದ ಹಿಂದೆ ಅನ್ನಬೇಕಾದದ್ದನ್ನು ಸ್ಪೀಕರು ಕೂರಿಸುವವನ ಮುಂದೆ ಅಂದಿತು, ಅವನಿಗೆ ಅದು ಸ್ಪೀಕರಿನ ಮಾತು, ಏನ್ರೀ ಇದು, ನಾಕು ಸಲ ಬಡದೀನಿ, ಕೈ ಉರಿಯಾಕತ್ತೈತಿ, ಹಂಗಾರ ಇಲ್ಲಿ ಬ್ಯಾಡ ಬಿಡ್ರಿ ಎಂದು ಸ್ಕ್ರೂ ಬಿಚ್ಚತೊಡಗಿದ, ಬಿಚ್ಚುತ್ತಲೇ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯನ್ನು ನನ್ನ ಕೈಗೆ ತುರುಕಿದ, ನನ್ನ ಕೈಯಾಗ ಗ್ರೀಸ್ ಇತ್ತು, ಹೊಸ ಬಣ್ಣ ಕೆಟ್ಟೈತಿ, ಸಾಹುಕಾರ್ರು ನೋಡೂದ್ರೊಳಗ ಒರಸಿಬಿಡ್ರಿ. ಇಳಿದೆ, ಲಾರಿಯ ಪಕ್ಕಕ್ಕೆ ನಡೆದೆ, ಹಿಂದೆ ಬಂದೆ, ಬಟ್ಟೆಯಿಂದ ಎಣ್ಣೆ ಪಾದದ ಮೇಲೆ ತೊಟ್ಟಿಕ್ಕುತ್ತಿದೆ, ಒರೆಸಬೇಕು, ಒಂದು ಸಲ ಎಳೆದರೆ ಹೋಗುತ್ತದೆ, ಹೋಗುತ್ತದೆಂದು ನನಗೆ ಗೊತ್ತು, ಕೈ ಏಳುತ್ತಿಲ್ಲ — ಹಳದಿ ಹಲಗೆಯ ಮೇಲೆ ಅಂಗೈ, ಐದು ಬೆರಳು, ಪಕ್ಕದಲ್ಲಿ ಅಂಗೈ, ಅದರ ಮೇಲೆ ಅಂಗೈ, ಈ ಸಲ ಎಣಿಸುತ್ತಿದ್ದೇನೆ, ನಾಲ್ಕು, ನಾಲ್ಕು ಅಂಗೈ