ಅಚ್ಚಿನಲ್ಲಿ ಉಳಿದ ಹಲ್ಲು

ಹಲ್ಲಿನ ಕ್ಲಿನಿಕ್ಕು ಬೇರೆ ಕಟ್ಟಡಕ್ಕೆ ಹೋಗುತ್ತಿತ್ತು. ಚಿಕಿತ್ಸೆಗೆ ಮೊದಲು ಮಕ್ಕಳ ಹಲ್ಲುಸಾಲಿನಿಂದ ತೆಗೆದಿದ್ದ ಹಳೆಯ ಪ್ಲಾಸ್ಟರ್ ಅಚ್ಚುಗಳನ್ನು ಸಂಜೆ ಎಸೆಯುತ್ತಾರೆಂದು ತಿಳಿದವಳೇ ಅವಳು ಎದ್ದೆನೋ ಬಿದ್ದೆನೋ ಎಂದು ಓಡಿಬಂದಳು.

ಹನ್ನೆರಡರ ವಯಸ್ಸಿನಲ್ಲಿ ಅವಳ ಮೇಲಿನ ಒಂದು ಹಲ್ಲು ಪಕ್ಕದ್ದರ ಹೆಗಲೇರಿತ್ತು, ಥೇಟ್ ಅಪ್ಪನ ಹಲ್ಲಿನ ಹಾಗೆ. "ಹಾಕಿ ತೆಗೆಯುವ ಪ್ಲೇಟೋ, ಅಂಟಿಸುವ ತಂತಿಯೋ?" ಎಂದು ಡಾಕ್ಟರು ಕೇಳಿದ್ದರು.

"ತಂತೀನೇ ಹಾಕಿ ಡಾಕ್ಟ್ರೇ. ಪ್ಲೇಟು ಕೊಟ್ರೆ ಊಟದ ಡಬ್ಬಿ ಜೊತೆ ಅದನ್ನೂ ಕಳ್ಕೊಂಡು ಬರ್ತಾಳೆ!" ಎಂದಿದ್ದ ಅಪ್ಪ.

"ನೀನೂ ಹಾಕಿಸ್ಕೋ ಅಪ್ಪಾ."

"ಈ ವಯಸ್ಸಲ್ಲಿ ನನಗ್ಯಾಕೆ ಪುಟ್ಟೀ? ನೀನು ಬಾಯಿ ತುಂಬ ನಗು, ಸಾಕು." ಹಾಗೆಂದು ಅಂಗೈಯಿಂದ ಬಾಯಿ ಮುಚ್ಚಿಕೊಂಡೇ ನಕ್ಕಿದ್ದ.

ಎರಡು ವರ್ಷಕ್ಕೆ ಅವಳ ಹಲ್ಲು ಸಾಲಿಗೆ ಬಂತು. ಈಗ ಅಪ್ಪ ತೀರಿಕೊಂಡು ವರ್ಷವಾಗಿದೆ. ಮನೆಯ ಆಲ್ಬಮ್ಮಿನಲ್ಲಿ ಅವನು ಬಾಯಿಬಿಟ್ಟು ನಕ್ಕ ಫೋಟೋ ಒಂದೂ ಇಲ್ಲ.

ನರ್ಸಕ್ಕ ರಟ್ಟಿನ ಪೆಟ್ಟಿಗೆಗಳನ್ನು ತೋರಿಸಿದಳು. "ಹೆಸರೆಲ್ಲ ಅಳಿಸಿಹೋಗಿದೆ ಕಣಮ್ಮ. ನಿನ್ನದು ಯಾವುದು ಅಂತ ಹೇಗೆ ಗೊತ್ತಾಗುತ್ತೆ?"

ಅವಳು ನೆಲದ ಮೇಲೆ ಕೂತು ಒಂದೊಂದನ್ನೇ ಎತ್ತಿ ನೋಡಿದಳು. ಮೂರನೆಯ ಪೆಟ್ಟಿಗೆಯ ತಳದಲ್ಲಿ, ಧೂಳು ಹಿಡಿದ ಬಿಳಿ ಅಚ್ಚೊಂದರಲ್ಲಿ, ಅಪ್ಪನ ಹಲ್ಲು ಪಕ್ಕದ್ದರ ಹೆಗಲ ಮೇಲೆ ಆರಾಮಾಗಿ ಕೂತಿತ್ತು.

"ಸಿಕ್ತು ಅಕ್ಕಾ," ಎಂದು ಬಾಯಿ ತುಂಬ ನಕ್ಕಳು.