ನಲವತ್ತಮೂರು ದಿನದ ಹಿಮ

ಬೆಳಂಬಾರದ ಶಾಲೆಯ ಹಿಂದೆ, ತಂತಿಬೇಲಿಯೊಳಗಿನ ಮಳೆಮಾಪಕದ ಬೀಗ ತೆಗೆಯುವಾಗ ಜಟ್ಟಪ್ಪನ ಕೈಗಡಿಯಾರದಲ್ಲಿ ಎಂಟು ಗಂಟೆ ಇಪ್ಪತ್ತೆಂಟು ನಿಮಿಷ. ಎರಡು ನಿಮಿಷ ಕಾದ. ಎಂಟೂವರೆಗೆ ಸರಿಯಾಗಿ ಒಳಗಿನ ಬಾಟಲಿಯ ನೀರನ್ನು ಅಳತೆಯ ಗಾಜಿಗೆ ಸುರಿದು, ಮೊಣಕಾಲೂರಿ, ಕಣ್ಣನ್ನು ನೀರಿನ ಮಟ್ಟಕ್ಕೆ ತಂದು ನೋಡಿದ. ನೂರಾ ಹದಿನಾಲ್ಕು ಮಿಲಿಮೀಟರು, ಮೇಲೆ ಎರಡು ಗೆರೆ. ಕಣ್ಣು ಮುಚ್ಚಿ ತೆರೆದು ಇನ್ನೊಮ್ಮೆ ನೋಡಿದ ಮೇಲೆ ಪುಸ್ತಕದಲ್ಲಿ ಪೆನ್ಸಿಲ್ಲಿನಿಂದ ಬರೆದ.

ಬೇಲಿಯಾಚೆ, ಹೆಗಲ ಮೇಲೆ ಗುದ್ದಲಿ ಇಟ್ಟುಕೊಂಡು ಗದ್ದೆಗೆ ಹೊರಟಿದ್ದ ಮಾದು ನಿಂತ.

"ಜಟ್ಟಪ್ಪಣ್ಣಾ, ನೀ ಬರ್ಕಳೂ ತನಕ ಮಳೆ ಬಿದ್ದದ್ದೇ ಲೆಕ್ಕಕ್ಕಿಲ್ಲ ಕಾಣ್ತದೆ. ಗದ್ದೀಲಿ ಮೊಣಕಾಲ ತನಕ ನೀರದೆ. ಅದೂ ಸುಳ್ಳೇ?"

"ಸುಳ್ಳಲ್ಲ ಮಾರಾಯ. ಆದ್ರೆ ನಿನ್ನ ಮೊಣಕಾಲಿಗೆ ಮಿಲಿಮೀಟರಿನ ಗುರುತಿಲ್ಲ."

ಮಾದು ನಗುತ್ತ ಹೋದ. ಜಟ್ಟಪ್ಪ ಕಾರವಾರದ ಕಚೇರಿಗೆ ಫೋನು ಮಾಡಿ ಅಂಕಿ ಹೇಳಿದ. ಹನ್ನೊಂದು ವರ್ಷಗಳಿಂದ ಇದೇ ಕೆಲಸ. ಜ್ವರ ಬಂದಾಗಲೂ ಬೇರೆಯವರನ್ನು ಕಳಿಸಿದವನಲ್ಲ. ಗಾಳಿಗೆ ಶಾಲೆಯ ಹಂಚು ಹಾರಿದ ದಿನವೂ ಬೇಲಿ ಹಿಡಿದುಕೊಂಡು ಬಂದಿದ್ದ. ಊರವರು ಇದನ್ನು ನಿಷ್ಠೆ ಎನ್ನುತ್ತಿದ್ದರು. ಅದು ಏನು ಎಂಬುದು ಅವನಿಗೊಬ್ಬನಿಗೇ ಗೊತ್ತಿತ್ತು.

ಹದಿನೇಳು ವರ್ಷಗಳ ಹಿಂದೆ ಅವನು ಇದನ್ನೇ ಹಿಮದಲ್ಲಿ ಮಾಡುತ್ತಿದ್ದ. ಹಿಮಾಲಯದ ಒಂದು ಕಣಿವೆಯ ನೆತ್ತಿಯಲ್ಲಿ, ತಗಡಿನ ಗುಡಿಸಲಿನಲ್ಲಿ, ಗುತ್ತಿಗೆಯ ವೀಕ್ಷಕನಾಗಿ ನಾಲ್ಕು ಚಳಿಗಾಲ ಕಳೆದಿದ್ದ. ಗುಡಿಸಲಿನಿಂದ ಮುನ್ನೂರು ಹೆಜ್ಜೆ ದೂರದ ಇಳಿಜಾರಿನಲ್ಲಿ ಕೆಂಪು ಬಿಳಿ ಪಟ್ಟಿಯ ಒಂದು ಅಳತೆಕಂಬ. ದಿನವೂ ಬೆಳಿಗ್ಗೆ ಹೋಗಿ ಅದರ ಮೇಲೆ ಹಿಮ ಎಷ್ಟು ಸೆಂಟಿಮೀಟರಿಗೆ ಬಂದಿದೆ ಎಂದು ನೋಡಿ ಬರೆಯಬೇಕು. ಆ ಕಾಲದ ಒಂದು ಪ್ರಶಸ್ತಿಪತ್ರ ಅವನ ಮನೆಯ ಜಗಲಿಯಲ್ಲಿ ಇಂದಿಗೂ ತೂಗುತ್ತಿದೆ: ಇಡೀ ಚಳಿಗಾಲದಲ್ಲಿ ಒಂದು ದಿನವೂ ತಪ್ಪದೆ ಅಳತೆ ಕೊಟ್ಟ ಏಕೈಕ ಹಿಮ ವೀಕ್ಷಣಾ ಠಾಣೆ. ಅದನ್ನು ಗೋಡೆಗೆ ಹಾಕಿದವಳು ಹೆಂಡತಿ ಸಂಧ್ಯಾ. ತೆಗೆದು ಒಳಗಿಡೋಣ ಎಂದಿದ್ದರೂ, ಯಾಕೆ ಎಂದು ಹೇಳಲು ಅವನಿಗೆ ಕಾರಣ ಸಿಕ್ಕಿರಲಿಲ್ಲ.

ಹತ್ತು ಗಂಟೆಗೆ ಅಕ್ಕ ಗೋದಾವರಿಯ ಮಗಳು ನಂದಿನಿ ಆಟೋದಿಂದಿಳಿದಳು. ಕಾರವಾರದಲ್ಲಿ ಎಂಎಸ್ಸಿ ಕೊನೆಯ ವರ್ಷ. ಲ್ಯಾಪ್‌ಟಾಪನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಎದೆಗೆ ಅವಚಿಕೊಂಡಿದ್ದಳು. ಅವಳೇ ಪೂರ್ತಿ ಒದ್ದೆ.

"ನಿನ್ನ ಕೂಸಿಗೆ ಕೊಡೆ ಹಿಡ್ದು, ನೀ ನೆನ್ಕಂಡು ಬಂದ್ಯೇನೆ?" ಎಂದಳು ಸಂಧ್ಯಾ, ಟವೆಲ್ ಕೊಡುತ್ತ.

"ಅತ್ತೆ, ನಾ ಒಣಗ್ತೆ. ಇದು ಒಣಗೂದಿಲ್ಲ. ಸೋಮವಾರ ಪ್ರಬಂಧ ಕೊಡೂದದೆ. ಮಾವನಿಗೆ ಒಂದು ತೋರ್ಸೂದದೆ, ಅದ್ಕೇ ಓಡಿ ಬಂದೆ."

ಉಪಗ್ರಹದ ಚಿತ್ರಗಳಿಂದ ಹಿಮವನ್ನೂ ಹೆಪ್ಪುಗಟ್ಟಿದ ನೆಲವನ್ನೂ ಗುರುತಿಸುವುದು ಅವಳ ವಿಷಯ. ಕಡಲ ದಂಡೆಯ ಹುಡುಗಿಗೆ ಹಿಮದ ಹುಚ್ಚು ಹಿಡಿಸಿದವನು ಜಟ್ಟಪ್ಪನೇ. ಐದು ವರ್ಷದ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಗುಡಿಸಲಿನ ಕತೆ ಹೇಳಿದ್ದ. ಕತೆಯಲ್ಲಿ ಎಲ್ಲ ಇತ್ತು, ಒಂದನ್ನು ಬಿಟ್ಟು.

ಜಗಲಿಯ ಮೇಲೆ ಕೂತು ಅವಳು ಪರದೆ ತೆರೆದಳು. ಬೂದು, ಕಪ್ಪು, ಬಿಳಿಯ ಚೌಕಗಳು.

"ಇದು ರೇಡಾರ್ ಚಿತ್ರ ಮಾವ. ಉಪಗ್ರಹ ಮೇಲಿಂದ ಅಲೆ ಬಿಡ್ತದೆ, ಅದು ನೆಲಕ್ಕೆ ತಾಗಿ ವಾಪಸ್ ಬರ್ತದೆ. ಮೋಡ ಇದ್ರೂ ಅಡ್ಡಿಲ್ಲ. ಎಷ್ಟು ಚದುರಿ ಬಂತು ಅನ್ನೂದ್ರ ಮೇಲೆ ಹಿಮದ ದಪ್ಪ ಅಂದಾಜು ಮಾಡೂದು. ಇಲ್ನೋಡು, ಈ ಚೌಕದ ಒಳಗೇ ನಿನ್ನ ಗುಡಿಸ್ಲು."

ಜಟ್ಟಪ್ಪ ಬಗ್ಗಿ ನೋಡಿದ. ಉಗುರಿನಷ್ಟು ಬೂದು ಬಣ್ಣ. ಅದರೊಳಗೆ ತಾನಿದ್ದೆ ಎಂದು ನಂಬುವುದು ಕಷ್ಟವಾಯಿತು. ಮೇಲಿನಿಂದ ಯಾವುದೋ ಒಂದು ತನ್ನನ್ನು ಆಗಲೂ ನೋಡುತ್ತಲೇ ಇತ್ತು ಎಂಬುದು ಅದಕ್ಕಿಂತ ಕಷ್ಟವಾಯಿತು.

"ಉಪಗ್ರಹ ಹೇಳಿದ್ದು ಖರೇನೋ ಸುಳ್ಳೋ ಅಂತ ನೆಲದ ಅಳತೆ ಇಟ್ಟು ನೋಡೂದು. ಹಳೇ ಠಾಣೆ ಪುಸ್ತಕ ಎಲ್ಲಾ ಫೋಟೋ ತೆಗ್ದು ನೆಟ್ಟಿಗೆ ಹಾಕೀರು. ಬೇರೆ ಠಾಣೇದು ಬರೀ ಖಾಲಿ ಗೆರೆ. ಗಾಳಿ ಇತ್ತು, ಹೋಗ್ಲಿಲ್ಲ ಅಂತ ಬರ್ದು ಬಿಟ್ಟೀರು. ನಿನ್ನ ಪುಸ್ತಕದಾಗೆ ಒಂದು ದಿನವೂ ಖಾಲಿ ಇಲ್ಲ. ನಮ್ ಸರ್ ಅಂದ್ರು, ಪಾಠಕ್ಕೆ ಇಡೂ ಹಾಂಗದೆ ಅಂತ."

ಅವಳು ಒಂದು ಪುಟ ದೊಡ್ಡದು ಮಾಡಿದಳು. ಅವನದೇ ಅಕ್ಷರ. ಮೊದಲು ಮಸುಕಾದ ಪೆನ್ಸಿಲ್ಲು, ಅಂಕಿಗಳು ಓರೆಕೋರೆ. ಜನವರಿಯ ಒಂಬತ್ತರಿಂದ ನೀಲಿ ಬಾಲ್‌ಪೆನ್ನು, ದುಂಡು ಅಕ್ಷರ, ಸಾಲಿನ ಮೇಲೆ ಕೂತ ಹಾಗೆ. ತೊಂಬತ್ತಾರು, ನೂರಾ ಮೂರು, ನೂರಾ ಎಂಟು... ನೂರಾ ನಲವತ್ತೆರಡು.

"ಒಂದೇ ಕಡೆ ತಂಟೆ ಬಂತು. ಚಳಿಗಾಲದ ನಡೂಗೆ ನಲವತ್ಮೂರು ದಿನ ನಿಂಗೂ ಉಪಗ್ರಹಕ್ಕೂ ತಾಳೆ ಇಲ್ಲ. ನಿಂದು ನೂರಾ ನಲವತ್ತೆರಡು, ಅದರದ್ದು ಅರವತ್ತರ ಹತ್ರ. ಸರ್ ಹೇಳಿದ್ರು, ಕಂಬದ ಬುಡಕ್ಕೆ ನಿಂತು ನೋಡಿದವ್ರನ್ನ ಮೊದ್ಲು ನಂಬು, ಆಕಾಶದ್ದು ಆಮೇಲೆ ಅಂತ. ನಿನ್ನ ಅಳತೆಗೆ ಹೊಂದೂ ಹಾಂಗೆ ಉಪಗ್ರಹದ ಹದಿನೇಳು ವರ್ಷದ ನಡುಚಳಿಗಾಲದ ಅಂಕಿ ಎಲ್ಲಾ ತಿದ್ದಿದೆ. ನೋಡು, ಕೊನೆಗೆ ಹಿಮ ಎಷ್ಟು ಚಂದ ಕುಸೀತಾ ಬಂದದೆ. ದಿನಕ್ಕೆ ಆರು, ಏಳು. ಹೊಸ ಹಿಮ ಕೂರೂದು ಹಾಂಗೇ ಅಲ್ವಾ?"

"ಹಾಂ," ಎಂದ ಜಟ್ಟಪ್ಪ.

"ಮತ್ತೆ, ಕೃತಜ್ಞತೆ ಪುಟದಾಗೆ ಮೊದ್ಲ ಹೆಸ್ರು ನಿಂದೇ."

ಸಂಧ್ಯಾ ಚಹಾ ಲೋಟ ಇಡುತ್ತ, "ನೋಡಿದ್ರಾ? ಆ ಪ್ರಶಸ್ತಿ ತೆಗ್ದು ಒಳಗಿಡುವ ಅಂತಿದ್ರಿ," ಎಂದಳು.

ಆ ವರ್ಷದ ಜನವರಿ ಎಂಟರಂದು ಅವನು ಕಂಬ ನೋಡಿ ಹಿಂದಿರುಗುವಾಗ ಗಾಳಿ ಎದ್ದಿತ್ತು. ತನ್ನ ಕೈಯೇ ತನಗೆ ಕಾಣದಷ್ಟು ಬಿಳಿ. ಮುನ್ನೂರು ಹೆಜ್ಜೆಯನ್ನು ಒಂದೂವರೆ ತಾಸು ತೆವಳಿ, ಕೊನೆಗೆ ಗುಡಿಸಲಿನ ತಗಡಿಗೆ ಹಣೆ ಬಡಿದಾಗಲೇ ತಾನು ಬದುಕಿದೆ ಎಂದು ಗೊತ್ತಾದದ್ದು. ಮರುದಿನ ಹೊರಡಲು ಬೂಟು ಹಾಕಿಕೊಂಡ. ಬಾಗಿಲು ತೆರೆಯುವ ಧೈರ್ಯ ಬರಲಿಲ್ಲ. ಸೀಮೆಎಣ್ಣೆ ಒಲೆಯ ಪಕ್ಕ ಕೂತು, ರಾತ್ರಿ ಹಿಮ ಬಿದ್ದಿರಬೇಕೆಂದು ಅಂದಾಜು ಮಾಡಿ, ಒಂದಿಷ್ಟು ಸೇರಿಸಿ ಬರೆದ. ಹಾಗೆಯೇ ಮೂವತ್ತು ದಿನ. ಗಾಳಿ ಬೀಸಿದಷ್ಟೂ ಹಿಮ ಬೀಳುತ್ತಿದೆ ಎಂದುಕೊಂಡ. ಅವನನ್ನು ಒಳಗೆ ಕೂಡಿಹಾಕಿದ ಆ ಗಾಳಿಯೇ ಇಳಿಜಾರಿನ ಹಿಮವನ್ನು ಗುಡಿಸಿಕೊಂಡು ಹೋಗುತ್ತಿತ್ತು.

ಮೂವತ್ತೊಂದನೆಯ ದಿನ ಬಿಸಿಲು ಬಿತ್ತು. ಹೋಗಿ ನೋಡಿದರೆ ಕಂಬದಲ್ಲಿ ಐವತ್ತೆಂಟು. ಹಿಂದಿನ ದಿನ ರೇಡಿಯೋದಲ್ಲಿ ಕಚೇರಿಗೆ ನೂರಾ ನಲವತ್ತೆರಡು ಎಂದು ಹೇಳಿಯಾಗಿತ್ತು. ಒಂದೇ ದಿನಕ್ಕೆ ಅಷ್ಟು ಇಳಿಸಿದರೆ ಕೇಳುತ್ತಾರೆ. ಆ ದಿನ ಸೇರಿ ಹದಿಮೂರು ದಿನ ಅವನು ಬಿಸಿಲಿನಲ್ಲಿ ಹೋಗಿ, ಕಂಬವನ್ನು ಕಣ್ಣಾರೆ ನೋಡಿ, ಒಳಗೆ ಬಂದು ಬೇರೆ ಅಂಕಿ ಬರೆದ. ಮೂವತ್ತು ದಿನದ್ದನ್ನು ಹೆದರಿಕೆಯ ತಲೆಗೆ ಕಟ್ಟಬಹುದಿತ್ತು. ಈ ಹದಿಮೂರನ್ನು ಯಾವುದರ ತಲೆಗೆ ಕಟ್ಟುವುದೆಂದು ಅವನಿಗೆ ಇಷ್ಟು ವರ್ಷಗಳಲ್ಲೂ ತಿಳಿದಿರಲಿಲ್ಲ.

ಮಧ್ಯಾಹ್ನ ಗಂಜಿಯ ಜೊತೆ ಸುಟ್ಟ ಒಣ ಬಂಗಡೆ. ನಂದಿನಿ ಮುಳ್ಳು ಬಿಡಿಸುತ್ತ ಮಾತಾಡುತ್ತಲೇ ಇದ್ದಳು. ಅವನು ಕೇಳಬಾರದೆಂದುಕೊಂಡೇ ಕೇಳಿದ.

"ಈ ನಕ್ಷೆ ತಗಂಡು ಎಂತ ಮಾಡೂದು?"

"ಹಿಮ ಅಂದ್ರೆ ನೆಲಕ್ಕೆ ಕಂಬಳಿ ಮಾವ. ದಪ್ಪ ಇದ್ರೆ ಚಳಿ ಕೆಳಗೆ ಇಳಿಯೂದಿಲ್ಲ, ನೆಲ ಹೆಪ್ಪುಗಟ್ಟೂದಿಲ್ಲ. ತೆಳು ಇದ್ರೆ ಚಳಿ ಇಳೀತದೆ, ವರ್ಷಗಟ್ಲೆ ಕಲ್ಲಿನ ಹಾಂಗೆ ಹೆಪ್ಪುಗಟ್ಟಿಯೇ ಇರ್ತದೆ. ಪರ್ಮಾಫ್ರಾಸ್ಟ್ ಅನ್ನೂದು ಅದ್ಕೇ. ಈಗ ಸೆಕೆ ಏರ್ತಾ ಅದು ಕರಗಿದ್ರೆ ಇಡೀ ಗುಡ್ಡ ಜಾರ್ತದೆ. ಅಂಥಾ ಇಳಿಜಾರಿಂದು ಪಟ್ಟಿ ಮಾಡಿ, ಅಲ್ಲಿ ಯಂತ್ರ ಕೂರ್ಸಿ ನಿಗಾ ಇಡ್ತ್ರು."

"ನನ್ನ ಇಳಿಜಾರು?"

"ಅದು ಪಟ್ಟೀಲಿಲ್ಲ. ಮೊದ್ಲು ಇತ್ತು. ನಿನ್ನ ಅಳತೆ ಸೇರ್ಸಿದ ಮೇಲೆ ಬಿಟ್ಟುಹೋಯ್ತು. ಅಷ್ಟು ಹಿಮ ಇದ್ದಲ್ಲಿ ನೆಲ ಎಲ್ಲಿಂದ ಹೆಪ್ಪುಗಟ್ತದೆ?"

ಆ ಇಳಿಜಾರಿನ ಕೆಳಗೆ ಹನ್ನೊಂದು ಮನೆಗಳಿದ್ದವು. ಮೊದಲನೆಯ ಮನೆಯ ಮುದುಕಿಯನ್ನು ಎಲ್ಲರೂ ಆಮಾ ಎನ್ನುತ್ತಿದ್ದರು. ಹಿಮ ಬೀಳುವ ಮೊದಲು ಅವನು ಮೇಲೆ ಹತ್ತುವಾಗ ಹೆಣೆದ ಕಾಲುಚೀಲ ಕೊಟ್ಟು, ಅವನಿಗೆ ತಿಳಿಯದ ಭಾಷೆಯಲ್ಲಿ ಏನೋ ಬೈದಿದ್ದಳು. ಆ ಕಾಲುಚೀಲ ಈಗಲೂ ಟ್ರಂಕಿನಲ್ಲಿದೆ. ಆಮಾ ಇರಲಾರಳು. ಮನೆಗಳು ಇರುತ್ತವೆ.

ಅವನು ಅರ್ಧ ಬಂಗಡೆಯನ್ನು ಬಟ್ಟಲಲ್ಲೇ ಬಿಟ್ಟು ಎದ್ದ. ಸಂಜೆಯವರೆಗೂ ಹೇಳಬೇಕೆಂದು ಎರಡು ಸಲ ಜಗಲಿಗೆ ಬಂದ. ಒಮ್ಮೆ ನಂದಿನಿ ಅಮ್ಮನ ಜೊತೆ ಫೋನಿನಲ್ಲಿ, "ಮಾವನ ಹೆಸ್ರು ಅಚ್ಚಾಗ್ತದೆ ಆಯಿ," ಎನ್ನುತ್ತಿದ್ದಳು. ಇನ್ನೊಮ್ಮೆ ಅವಳು ಸುಮ್ಮನೆ ಕೂತಿದ್ದಳು, ಆಗ ಅವನೇ, "ಕಾರವಾರದಾಗೂ ಮಳೆ ಹೀಂಗೇ ಅದ್ಯಾ?" ಎಂದು ಕೇಳಿ ಒಳಗೆ ಹೋದ.

ಭಾನುವಾರ ಬೆಳಿಗ್ಗೆ ಏಳಕ್ಕೆ ಮಳೆ ನಿಂತು ಹೊಳವಾಯಿತು. ನಂದಿನಿ ಆಗಲೇ ಪರದೆಯ ಮುಂದಿದ್ದಳು. ಅದೇ ಪುಟ. ಜಟ್ಟಪ್ಪ ಅವಳ ಪಕ್ಕ ಕೂತ.

"ಮಗಾ, ಆ ನೀಲಿ ಅಕ್ಷರ ಎಲ್ಲಿಂದ ಶುರು ಆಗ್ತದೆ?"

"ಒಂಬತ್ತನೇ ತಾರೀಕು. ಯಾಕೆ?"

"ಅಲ್ಲಿ ಹೊರಗೆ ಬಾಲ್‌ಪೆನ್ ನಡಿಯೂದಿಲ್ಲ. ಆ ಚಳೀಲಿ ಶಾಯಿ ಗಟ್ಟಿಯಾಗ್ತದೆ, ಗೀರಿದ್ರೂ ಮೂಡೂದಿಲ್ಲ. ಕಂಬದ ಹತ್ರ ಬರೀಬೇಕು ಅಂದ್ರೆ ಪೆನ್ಸಿಲ್ಲೇ ಸೈ."

"ಹೌದಾ? ಗೊತ್ತಿಲ್ದಾಗಿತ್ತು. ಹಾಂಗಾರೆ ಇದು ಒಳಗೆ ಬಂದು ನಕಲು ಮಾಡಿದ್ದಾ?"

"ನಕಲು ಮಾಡೂಕೆ ಅಸಲು ಬೇಕಲ್ವೇನೆ."

ಅವಳು ಪರದೆಯಿಂದ ಕಣ್ಣು ತೆಗೆದು ಅವನನ್ನು ನೋಡಿದಳು. ನಗು ಇನ್ನೂ ಮುಖದಲ್ಲೇ ಇತ್ತು, ಹೋಗಲು ದಾರಿ ಗೊತ್ತಿಲ್ಲದಂತೆ.

"ಪೆನ್ಸಿಲ್ಲಿಂದು ಖರೆ. ಪೆನ್ನಿಂದು ಒಲೆ ಹತ್ರ ಕೂತು ನಾ ಮಾಡಿದ್ದು. ಮೊದ್ಲ ಮೂವತ್ತು ದಿನ ನಾ ಹೋಗ್ಲೇ ಇಲ್ಲ. ಕೊನೇ ಹದಿಮೂರು ದಿನ ಹೋಗಿದ್ದೆ. ಐವತ್ತೆಂಟು ಇತ್ತು, ಐವತ್ತೇಳು ಇತ್ತು. ಕಂಡೂ ಬರೀಲಿಲ್ಲ. ನಿನ್ನ ಉಪಗ್ರಹ ಹೇಳಿದ್ದೇ ಸರಿ."

ಒಳಗೆ ದೋಸೆ ಹುಯ್ಯುತ್ತಿದ್ದ ಸಂಧ್ಯಾಳ ಸೌಟಿನ ಸದ್ದು ನಿಂತಿತು. ನಂದಿನಿ ಪುಟದ ನೀಲಿ ಸಾಲುಗಳ ಮೇಲೆ ಬೆರಳಿಟ್ಟು ಮೇಲಿನಿಂದ ಕೆಳಗೆ ಎಣಿಸಿದಳು. ನಲವತ್ತಮೂರು. ಮತ್ತೆ ಎಣಿಸಿದಳು.

"ಖಾಲಿ ಬಿಡ್ಲಿಕ್ಕಾಗ್ಲಿಲ್ವಾ ಮಾವ? ಒಂದು ಗೆರೆ ಎಳ್ದಿದ್ರೆ ಸಾಕಿತ್ತು. ಯಾರೂ ಎಂತದೂ ಅಂತಿರ್ಲಿಲ್ಲ."

ಜಟ್ಟಪ್ಪ ಜಗಲಿಯ ಅಂಚಿಗೆ ಸರಿದು ಕೂತ.

"ನಾಳೆ ಕೊಡೂಕಾಗೂದಿಲ್ಲ," ಎಂದಳು, ಅವನಿಗಲ್ಲ, ಪರದೆಗೆ ಹೇಳಿದಂತೆ. "ಎಲ್ಲಾ ಮೊದ್ಲಿಂದ." ಆಮೇಲೆ ಅವನ ಕಡೆ ತಿರುಗದೆ, "ಸರ್‌ಗೆ ನಾ ಬಾಯಲ್ಲಿ ಹೇಳಿದ್ರೆ ನಂಬೂದಿಲ್ಲ. ಬರ್ದು ಸಹಿ ಹಾಕಿ ಕೊಡ್ತೀಯಾ?"

"ಕೊಡ್ತೆ."

ಅವನು ಬರೆದ. ತಾರೀಕು, ಠಾಣೆ, ಯಾವ ದಿನದಿಂದ ಯಾವ ದಿನದವರೆಗೆ, ನೆನಪಿದ್ದ ಹದಿಮೂರು ನಿಜದ ಅಂಕಿಗಳು. ಅವು ನೆನಪಿದ್ದವು, ಒಂದೂ ಮರೆತಿರಲಿಲ್ಲ. ಕೊನೆಗೆ ಹೆದರಿದ್ದೆ ಎಂದು ಒಂದು ಸಾಲು ಬರೆದು, ಅದನ್ನು ಹೊಡೆದು ಹಾಕಿ ಸಹಿ ಮಾಡಿದ. ನಂದಿನಿ ಓದಿ, ಫೋಟೋ ತೆಗೆದು ಕಳಿಸಿದಳು. ಸಂಧ್ಯಾ ಬಾಗಿಲಲ್ಲಿ ನಿಂತಿದ್ದವಳು ಗೋಡೆಯ ಕಡೆ ಒಮ್ಮೆ ನೋಡಿದಳು. ಪ್ರಶಸ್ತಿಪತ್ರವನ್ನು ತೆಗೆಯಲಿಲ್ಲ.

ಎಂಟು ಇಪ್ಪತ್ತಕ್ಕೆ ಜಟ್ಟಪ್ಪ ಕೊಡೆ ತೆಗೆದುಕೊಂಡ. ಹಿಂದೆ ಹೆಜ್ಜೆ ಸದ್ದಾಯಿತು. ನಂದಿನಿ ಬರುತ್ತಿದ್ದಳು. ಶಾಲೆಯ ರಜೆಗಳಲ್ಲಿ ಅವನ ಕೊಡೆಯೊಳಗೇ ಎಷ್ಟೋ ಸಲ ಬಂದಿದ್ದಳು. ಇಂದು ಎರಡು ಮಾರು ಬಿಟ್ಟು ಬಂದಳು. ಬೇಲಿಯ ಬಾಗಿಲಲ್ಲಿ ಇಬ್ಬರೂ ಎಂಟೂವರೆ ಆಗುವುದನ್ನು ಕಾದರು.

ಅವನು ನೀರನ್ನು ಗಾಜಿಗೆ ಸುರಿದು, ಮೊಣಕಾಲೂರಿ, ಕಣ್ಣು ಮಟ್ಟಕ್ಕೆ ತಂದು ನೋಡಿದ. ಅರವತ್ತೇಳು, ಮೇಲೆ ನಾಲ್ಕು ಗೆರೆ. ಪೆನ್ಸಿಲ್ಲು ತೆಗೆದ. ಬರೆಯುವ ಮೊದಲು ಯಾಕೋ ತಲೆಯೆತ್ತಿದ.

ನಂದಿನಿ ಗಾಜಿಗಾಗಿ ಕೈ ಚಾಚಿದ್ದಳು.

ಹನ್ನೊಂದು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಅವನು ಕೊಟ್ಟು, ಅವಳಿಗೆ ಬೆಳಕು ಬೀಳಲೆಂದು ಪಕ್ಕಕ್ಕೆ ಸರಿದ. ಅವಳು ಒದ್ದೆ ಹುಲ್ಲಿನ ಮೇಲೆ ಮೊಣಕಾಲೂರಿ, ಗಾಜನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದಳು. ಒಮ್ಮೆ ನೋಡಿ, ಇನ್ನೊಮ್ಮೆ ನೋಡಿದಳು. ಅವನು ಪುಸ್ತಕ ತೆರೆದುಕೊಂಡು, ಅವಳು ಹೇಳುವುದನ್ನೇ ಕಾಯುತ್ತ ನಿಂತ.